ಗುಬ್ಬಚ್ಚಿಯಿಂದ ರಂಗನತಿಟ್ಟಿನವರೆಗೆ: ಡಾ. ಸಾಲಿಂ ಅಲಿ

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ನೋಡದ ಕನ್ನಡಿಗರು ವಿರಳ. ಆದರೆ ಆ ಪಕ್ಷಿಧಾಮದ ಹುಟ್ಟಿಗೆ ಕಾರಣರಾದವರು ನಾವು ಬಾಳುತ್ತಿರುವ ಇದೇ ಮುಂಬಯಿಯ ಖೇತವಾಡಿಯಲ್ಲಿ ಬೆಳೆದ ಒಬ್ಬ ಅನಾಥ ಬಾಲಕ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ನಮ್ಮ ಊರಿಗೂ ನಮ್ಮ ಕರ್ಮಭೂಮಿಗೂ ಹೀಗೊಂದು ನಂಟು ಇರುವುದರಿಂದ ಡಾ. ಸಾಲಿಂ ಅಲಿಯವರ ಬದುಕನ್ನು ನಾವು ಅರಿಯುವುದು ಉಚಿತ.

1896ರ ನವೆಂಬರ್ 12ರಂದು ಜನಿಸಿದ ಸಾಲಿಂ ಅಲಿ, ಮೂರು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿಯರಿಬ್ಬರನ್ನೂ ಕಳೆದುಕೊಂಡರು. ಸೋದರಮಾವ ಅಮೀರುದ್ದೀನ್ ತೈಯಬ್ಜಿಯವರು ಅವರನ್ನು ಸಾಕಿದರು. ಆಟದ ಬಂದೂಕಿನಿಂದ ಹುಡುಗ ಒಂದು ದಿನ ಗುಬ್ಬಚ್ಚಿಯೊಂದನ್ನು ಹೊಡೆದ. ಅದರ ಕೊರಳಲ್ಲಿ ಹಳದಿ ಬಣ್ಣದ ಕಲೆ! ಇದಾವ ಹಕ್ಕಿ? ಮಾವನಿಗೂ ತಿಳಿಯಲಿಲ್ಲ. ಅವರು ಚೀಟಿ ಬರೆದುಕೊಟ್ಟು, ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡರ ಬಳಿಗೆ ಕಳುಹಿಸಿದರು. ಮಿಲಾರ್ಡರು ಹುಡುಗನನ್ನು ಗದರಲಿಲ್ಲ. ಹಕ್ಕಿಯ ಹೆಸರು ಹೇಳಿ, ಕಪಾಟುಗಳನ್ನು ತೆರೆದು ಸಂಗ್ರಹದಲ್ಲಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು. ಹಿರಿಯರೊಬ್ಬರ ಆ ತಾಳ್ಮೆ ಒಂದು ಜೀವನದ ದಾರಿಯನ್ನೇ ನಿರ್ಧರಿಸಿತು.

ದಾರಿಯೇನೂ ಸುಗಮವಾಗಿರಲಿಲ್ಲ. ಬರ್ಮಾದಲ್ಲಿ ಮನೆತನದ ವ್ಯವಹಾರ ನೋಡಿಕೊಳ್ಳಲು ಹೋದರೆ, ಅಂಗಡಿಗಿಂತ ಕಾಡೇ ಅವರನ್ನು ಸೆಳೆಯಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ, ಮಾರ್ಗದರ್ಶಕ ಉಪನ್ಯಾಸಕರಾಗಿ ಸೇರಿದರು. 1929ರಲ್ಲಿ ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸೆಮಾನ್ ಎಂಬ ಮಹಾವಿದ್ವಾಂಸರ ಬಳಿ ಪಕ್ಷಿಶಾಸ್ತ್ರ ಕಲಿತು, 1930ರಲ್ಲಿ ಮರಳಿ ಬಂದಾಗ ಅವರ ಹುದ್ದೆಯೇ ರದ್ದಾಗಿತ್ತು.

ಕೈಯಲ್ಲಿ ವಿದ್ಯೆಯಿದೆ, ಕೆಲಸವಿಲ್ಲ. ಊರು ಬಿಟ್ಟು ಬಂದು ಈ ನಗರದಲ್ಲಿ ನೆಲೆ ಹುಡುಕಿದ ನಮ್ಮವರಿಗೆ ಆ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಪತ್ನಿ ತೆಹಮೀನಾ ಅವರೊಡನೆ ಅಲಿಯವರು ಅಲಿಬಾಗ್ ಸಮೀಪದ ಕಿಹಿಮ್‌ನ ಪುಟ್ಟ ಮನೆಗೆ ಹೋದರು. ಅಲ್ಲಿ ಸಿಕ್ಕಿದ್ದು ಗೀಜಗನ ಗೂಡುಗಳು. ನಾವೆಲ್ಲ ಶಾಲೆಯಲ್ಲಿದ್ದಾಗ ಬೆರಗಿನಿಂದ ನೋಡಿದ ಆ ತೂಗುಗೂಡನ್ನು ಅವರು ತಿಂಗಳುಗಟ್ಟಲೆ ಕುಳಿತು ಗಮನಿಸಿದರು. ಗಂಡು ಗೀಜಗ ಅರ್ಧ ಗೂಡು ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಕೆಲಸ ಮುಂದುವರಿಯುತ್ತದೆ. ಮೊದಲ ಸಂಸಾರ ನೆಲೆಗೊಂಡದ್ದೇ ತಡ, ಗಂಡು ಮತ್ತೊಂದು ಗೂಡು ಆರಂಭಿಸಿ ಮತ್ತೊಂದು ಹೆಣ್ಣಿಗಾಗಿ ಕಾಯುತ್ತದೆ! 1931ರಲ್ಲಿ ಪ್ರಕಟವಾದ ಈ ಅಧ್ಯಯನ ಅವರಿಗೆ ವಿದ್ವತ್ ಲೋಕದಲ್ಲಿ ಸ್ಥಾನ ತಂದಿತು.

ಬಳಿಕ ಅವರು ಕಂಡುಕೊಂಡ ಉಪಾಯ ಅಪೂರ್ವವಾದುದು. ದೇಶೀಯ ಸಂಸ್ಥಾನಗಳು ತಿರುಗಾಟದ ವೆಚ್ಚವನ್ನು ಭರಿಸಿದರೆ ಸಾಕು, ತಾವು ಸಂಬಳವಿಲ್ಲದೆ ಅಲ್ಲಿನ ಪಕ್ಷಿಗಳ ಸಮೀಕ್ಷೆ ಮಾಡಿಕೊಡುವುದಾಗಿ ಮುಂದೆ ಬಂದರು. ಮೊದಲು ಹೈದರಾಬಾದು, ಅನಂತರ ತಿರುವಾಂಕೂರು ಮತ್ತು ಕೊಚ್ಚಿ. ಎತ್ತಿನ ಗಾಡಿ, ಡೇರೆ, ಕಾಡುದಾರಿಗಳ ಈ ಬದುಕಿನಲ್ಲಿ ತೆಹಮೀನಾ ಜೊತೆಗಿದ್ದರು. 1939ರಲ್ಲಿ ಅವರು ತೀರಿಕೊಂಡರು. ಆ ದುಃಖದ ಬೆನ್ನಲ್ಲೇ ಅಲಿಯವರು ಕೈಗೊಂಡದ್ದು ಮೈಸೂರು ಸಂಸ್ಥಾನದ ಸಮೀಕ್ಷೆ, 1939–40ರಲ್ಲಿ.

ಕಾವೇರಿಗೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಒಡ್ಡು ಕಟ್ಟಿದಾಗ ಮೂಡಿದ ಸಣ್ಣ ದ್ವೀಪಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟಿದ್ದನ್ನು ಅಲಿಯವರು ಕಂಡರು. ಜಾಗ ಸಣ್ಣದು, ಸುಮಾರು 40 ಎಕರೆ. ಇದನ್ನು ರಕ್ಷಿಸಬೇಕೆಂದು ಮೈಸೂರಿನ ಆಡಳಿತಕ್ಕೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮೈಸೂರಿನ ಹಕ್ಕಿಗಳ ವರದಿ 1942–43ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಅವರನ್ನು ಕೇವಲ ದಯಾಮೂರ್ತಿಯೆಂದು ಚಿತ್ರಿಸುವುದು ಸರಿಯಲ್ಲ. ಸಮೀಕ್ಷೆಗಳಲ್ಲಿ ಅವರು ಹಕ್ಕಿಗಳನ್ನು ಹೊಡೆದು ಮಾದರಿಗಳನ್ನು ಸಂಗ್ರಹಿಸಿದರು. ಅಂದಿನ ಶಾಸ್ತ್ರದ ರೀತಿಯೇ ಅದು. ಪಕ್ಷಿರಕ್ಷಣೆ ಬೇಕಾದುದು ಅಹಿಂಸೆಯ ಭಾವನೆಯಿಂದಲ್ಲ, ಶಾಸ್ತ್ರ, ಸೌಂದರ್ಯ ಮತ್ತು ಮನುಷ್ಯನ ಹಿತಕ್ಕಾಗಿ ಎಂಬುದು ಅವರ ನಿಲುವು. ಈ ನಿಷ್ಠುರತೆಯಿಂದಲೇ ಅವರ ಮಾತಿಗೆ ಸರಕಾರದಲ್ಲಿ ಬೆಲೆಯಿತ್ತು. ಭರತಪುರದ ಕೇವಲಾದೇವ ಸರೋವರ ಉಳಿಯಲು, ಕೇರಳದ ಸೈಲೆಂಟ್ ವ್ಯಾಲಿ ಮುಳುಗದಿರಲು ಅವರು ದನಿಯೆತ್ತಿದರು.

1941ರ ಅವರ ಪುಸ್ತಕ ‘ದ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಸಾಮಾನ್ಯರ ಕೈಗೆ ಪಕ್ಷಿಶಾಸ್ತ್ರವನ್ನಿತ್ತಿತು. ಡಿಲ್ಲನ್ ರಿಪ್ಲಿಯವರೊಡನೆ ರಚಿಸಿದ ಹತ್ತು ಸಂಪುಟಗಳ ಮಹಾಕೋಶ 1968ರಿಂದ 1974ರವರೆಗೆ ಹೊರಬಂದಿತು. ಆಗ ಅವರು ಎಪ್ಪತ್ತು ದಾಟಿದ್ದರು. 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ಸದಸ್ಯತ್ವ. ಅದೇ ವರ್ಷ ಬಂದ ಆತ್ಮಕಥೆಗೆ ಆ ಹಳೆಯ ಗುಬ್ಬಚ್ಚಿಯ ಹೆಸರನ್ನೇ ಇಟ್ಟರು. 1987ರ ಜೂನ್ 20ರಂದು, ತೊಂಬತ್ತರ ವಯಸ್ಸಿನಲ್ಲಿ ನಿಧನರಾದರು.

ರಂಗನತಿಟ್ಟು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಾಗತಿಕ ಮನ್ನಣೆ ಪಡೆದಿದೆ. ಆದರೂ ಕನ್ನಂಬಾಡಿಯಿಂದ ಮಳೆಗಾಲದಲ್ಲಿ ಹೆಚ್ಚು ನೀರು ಬಿಟ್ಟಾಗ ದ್ವೀಪಗಳು ಮುಳುಗಿ ಗೂಡುಗಳು ಕೊಚ್ಚಿಹೋಗುವ ಭಯ ತಪ್ಪಿಲ್ಲ. ಕಾನೂನೊಂದೇ ಹಕ್ಕಿಯನ್ನು ಕಾಯಲಾರದು ಎನ್ನುವುದಕ್ಕೆ ಮದ್ದೂರಿನ ಬಳಿಯ ಕೊಕ್ಕರೆ ಬೆಳ್ಳೂರು ಸಾಕ್ಷಿ. ಅಲ್ಲಿನ ರೈತರು ಹುಣಸೆಯ ಫಸಲನ್ನೇ ಬಿಟ್ಟುಕೊಟ್ಟು ಮನೆಯಂಗಳದ ಮರಗಳಲ್ಲಿ ಹೆಜ್ಜಾರ್ಲೆಗಳಿಗೆ ಆಶ್ರಯ ನೀಡಿದ್ದಾರೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಬೇಸಿಗೆಯ ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೋಗುವ ನಮ್ಮ ಕುಟುಂಬಗಳಿಗೆ ಒಂದು ವಿಜ್ಞಾಪನೆ. ಅದು ಈ ಎರಡೂ ಕಡೆ ಗೂಡುಗಳಲ್ಲಿ ಮರಿಗಳಿರುವ ಕಾಲ. ಒಂದು ದಿನ ಬಿಡುವು ಮಾಡಿಕೊಂಡು ಮಕ್ಕಳಿಗೆ ತೋರಿಸಿರಿ. ಇದಾವ ಹಕ್ಕಿಯೆಂದು ಅವರು ಕೇಳಿದರೆ, ಮಿಲಾರ್ಡರಂತೆ ನಿಂತು ಉತ್ತರಿಸುವ ತಾಳ್ಮೆ ನಮಗಿರಲಿ.