ಎಳೆಯ ಮಾವಿನ ಗಿಡಕ್ಕೆ ಕತ್ತರಿ ಹಾಕಿದರೆ ಕಾಯಿ ಬಿಡುವುದಿಲ್ಲವೇ?

"ಎಳೆ ಗಿಡದ ತುದಿ ಮುರಿಯಬೇಡಿ. ಮುರಿದರೆ ಅದು ಎಂದೂ ಕಾಯಿ ಬಿಡುವುದಿಲ್ಲ. ಗಿಡವನ್ನು ಅದರ ಪಾಡಿಗೆ ಬಿಡಿ. ಎಲ್ಲರಿಗೂ ಕಳಿಸಿ." ಇಂಥದ್ದೊಂದು ವಾಟ್ಸ್‌ಆ್ಯಪ್ ಸಂದೇಶವನ್ನು ಯಮಕನಮರಡಿಯ ಓದುಗರೊಬ್ಬರು ನಮಗೆ ಕಳಿಸಿದ್ದಾರೆ. ಜೊತೆಗೆ ಒಂದು ಪ್ರಶ್ನೆ: "ಹಿತ್ತಲದಾಗಿನ ಆಪೂಸ್ ಗಿಡಕ್ಕ ಮೂರು ವರ್ಷ ಆತ್ರಿ. ಬುಡದಿಂದ ಒಂದು ಟೊಂಗಿ ಭಾಳ ಜೋರ್ ಬಂದೈತಿ. ಕಡೀಬೇಕೋ, ಬಿಡಬೇಕೋ?"

ಉತ್ತರ ಚಿಕ್ಕದು. ಸಂದೇಶ ತಪ್ಪು. ಆ ಟೊಂಗೆ ಕಸಿ ಗಂಟಿನ ಕೆಳಗಿನಿಂದ ಬಂದಿದ್ದರೆ ತಡಮಾಡದೆ ತೆಗೆಯಬೇಕು. ಬಿಟ್ಟರೆ ಆಪೂಸ್ ಗಿಡವೇ ಕೈತಪ್ಪಿ ಹೋಗಬಹುದು.

ಬುಡದ ಟೊಂಗೆ ಆಪೂಸ್ ಅಲ್ಲ

ನರ್ಸರಿಯಿಂದ ತರುವ ಕಸಿ ಗಿಡದಲ್ಲಿ ಎರಡು ಗಿಡಗಳಿರುತ್ತವೆ. ಕೆಳಗಿನದು ವಾಟೆಯಿಂದ ಬೆಳೆಸಿದ ಜವಾರಿ ಮಾವು, ಬೇರು ಅದರದು. ಅದರ ಮೇಲೆ ಕೂಡಿಸಿದ್ದು ಆಪೂಸ್ ಕಡ್ಡಿ. ಎರಡೂ ಕೂಡಿದ ಜಾಗದಲ್ಲಿ ಸಣ್ಣ ಉಬ್ಬು ಅಥವಾ ಸೊಟ್ಟ ಕಾಣುತ್ತದೆ. ಅದೇ ಕಸಿ ಗಂಟು.

ಗಂಟಿನ ಕೆಳಗೆ ಒಡೆಯುವ ಚಿಗುರು ಜವಾರಿಯದು. ಬೇರಿಗೆ ಹತ್ತಿರವಿರುವ ಅದು ಬೇಗ ದಪ್ಪವಾಗಿ, ನೀರು, ಗೊಬ್ಬರ, ಬಿಸಿಲು ಎಲ್ಲದರಲ್ಲೂ ಪಾಲು ಕೇಳುತ್ತದೆ. ಮೇಲಿನ ಆಪೂಸ್ ಸೊರಗುತ್ತದೆ, ಕೆಲವೊಮ್ಮೆ ಒಣಗಿಯೇ ಹೋಗುತ್ತದೆ. ಹಣ ಕೊಟ್ಟು ತಂದ ಆಪೂಸ್ ಗಿಡದಲ್ಲಿ ವರ್ಷಗಳ ನಂತರ ಹುಳಿ ನಾರುಕಾಯಿ ಬಿಟ್ಟಾಗ "ನರ್ಸರಿಯವರು ಮೋಸ ಮಾಡಿದರು" ಎನ್ನುತ್ತೇವೆ. ಮೋಸ ಅಲ್ಲಿಯೇ ಆಗಿರಬೇಕೆಂದಿಲ್ಲ. ನಮ್ಮ ಹಿತ್ತಲಲ್ಲೇ ಹೀಗೂ ಆಗಿರಬಹುದು.

ತುದಿ ಕತ್ತರಿಸಿದರೆ ಏನಾಗುತ್ತದೆ?

ಗಿಡದ ತುದಿ ಮೊಗ್ಗಿನಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಕೆಳಗೆ ಇಳಿಯುತ್ತದೆ. ಪಕ್ಕದ ಮೊಗ್ಗುಗಳು ಒಡೆಯದಂತೆ ಅದು ತಡೆದಿಡುತ್ತದೆ. ತುದಿ ತೆಗೆದರೆ ಆ ತಡೆ ಹೋಗಿ ಮೂರ್ನಾಲ್ಕು ಪಕ್ಕದ ಮೊಗ್ಗುಗಳು ಒಡೆಯುತ್ತವೆ. ಮಾವು ಹೂ ಬಿಡುವುದು ಬಲಿತ ಟೊಂಗೆಯ ತುದಿಯಲ್ಲಿ. ಒಂದು ತುದಿ ಇದ್ದಲ್ಲಿ ನಾಲ್ಕಾದರೆ ಮುಂದೆ ಹೂ ಬಿಡುವ ಜಾಗವೂ ಹೆಚ್ಚುತ್ತದೆ. ಮರ ಗಿಡ್ಡವಾಗಿ ಹರಡುವುದರಿಂದ ಏಣಿ ಹತ್ತದೆ ಕಾಯಿ ಕೀಳಬಹುದು.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು?

ಇದರಲ್ಲಿ ಅರ್ಧ ನಿಜವಿದೆ. ಫಲ ಕೊಡುವ ಮಾವಿನ ಟೊಂಗೆಗಳ ತುದಿಯನ್ನು ಅಕ್ಟೋಬರ್, ನವೆಂಬರ್‌ನಲ್ಲಿ ಕತ್ತರಿಸಿದರೆ ಆ ವರ್ಷದ ಹೂ ಹೋದಂತೆಯೇ. ಹೊಸ ಚಿಗುರು ಬಲಿಯುವುದರೊಳಗೆ ಹೂವಿನ ಕಾಲ ಮುಗಿದಿರುತ್ತದೆ. ಇನ್ನು ತೆಂಗಿಗೆ ಇರುವುದು ಒಂದೇ ಸುಳಿ. ಅದನ್ನು ಕಡಿದರೆ ಮರವೇ ಸಾಯುತ್ತದೆ. ಆ ಗಿಡಕ್ಕೆ, ಆ ಕಾಲಕ್ಕೆ ಹೊಂದುವ ಮಾತನ್ನು ಎಲ್ಲ ಗಿಡಕ್ಕೂ ಅಂಟಿಸಿದ್ದೇ ಈ ಸಂದೇಶದ ತಪ್ಪು. ಪೇರಲದಲ್ಲಿ ಹೊಸ ಚಿಗುರಿನ ಮೇಲೆಯೇ ಹೂ ಬರುತ್ತದೆ. ನಮ್ಮದೇ ಜಿಲ್ಲೆಯ ಅಥಣಿ ಕಡೆ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಸಲ ಚಾಟನಿ ಮಾಡಿಯೇ ಫಸಲು ತೆಗೆಯುತ್ತಾರೆ.

ಮನೆಯಲ್ಲಿ ಮಾಡುವುದು ಹೇಗೆ?

1. ಗಂಟಿನ ಕೆಳಗಿನ ಚಿಗುರನ್ನು ಎಳೆಯದಿರುವಾಗಲೇ ಬೆರಳಿನಿಂದ ಚಿವುಟಿ. ಬಲಿತಿದ್ದರೆ ಕಾಂಡಕ್ಕೆ ಹತ್ತಿರವಾಗಿ, ತೊಗಟೆ ಸೀಳದಂತೆ ಕತ್ತರಿಸಿ. ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇದ್ದರೆ ಬಿಚ್ಚಿ; ಕಾಂಡ ದಪ್ಪವಾದಂತೆ ಅದು ಉರುಲಾಗುತ್ತದೆ.

2. ಗಿಡ ಸೊಂಟದೆತ್ತರ ದಾಟಿಯೂ ಒಂಟಿ ಕಡ್ಡಿಯಾಗಿದ್ದರೆ ಸುಮಾರು 70 ಸೆಂ.ಮೀ. ಎತ್ತರದಲ್ಲಿ ತುದಿ ಕತ್ತರಿಸಿ. ಕೆಳಗೆ ಬಲಿತ, ಹಸಿರಾದ ಎಲೆಗಳು ಉಳಿದಿರಲಿ.

3. ಬರುವ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿನ 3 ಅಥವಾ 4 ಉಳಿಸಿ. ಎಲ್ಲವೂ ಒಂದೇ ಬಿಂದುವಿನಿಂದ ಹೊರಟಿರದಿದ್ದರೆ ಒಳ್ಳೆಯದು. ಮುಂದೆ ಕಾಯಿಯ ಭಾರಕ್ಕೆ ಸೀಳುವುದು ತಪ್ಪುತ್ತದೆ.

4. ಕಸಿ ಕಡ್ಡಿ ಬಲಿತ ಮರದಿಂದ ತಂದದ್ದಾದ್ದರಿಂದ ಪುಟ್ಟ ಗಿಡವೂ ಹೂ ಬಿಡುತ್ತದೆ. ಮೊದಲ ಮೂರು ವರ್ಷ ಆ ಹೂ ತೆಗೆಯಿರಿ. ಮನಸ್ಸು ಬಾರದು, ಆದರೆ ಗಿಡದ ಶಕ್ತಿ ಆಗ ಬೇರಿಗೂ ಟೊಂಗೆಗೂ ಹೋಗಬೇಕು.

5. ತುದಿ ಕತ್ತರಿಸಲು ಮಳೆಯ ಜೋರು ಇಳಿದು ಬಿಸಿಲು ಬಿದ್ದ ದಿನ ಆರಿಸಿ. ಸುರಿಯುವ ಮಳೆಯಲ್ಲಿ ಗಾಯಕ್ಕೆ ಶಿಲೀಂಧ್ರ ತಗಲುತ್ತದೆ. ಏಪ್ರಿಲ್, ಮೇ ಬಿಸಿಲಿಗೆ ಎಳೆ ತೊಗಟೆ ಸುಡುತ್ತದೆ. ಕತ್ತರಿಯನ್ನು ಮೊದಲು ಸ್ಪಿರಿಟ್‌ನಿಂದ ಒರೆಸಿ. ಮಾವಿನ ಸೊನೆ ಚರ್ಮ ಸುಡುತ್ತದೆ, ಮುಖ ಮುಟ್ಟಿಕೊಳ್ಳಬೇಡಿ.

6. ಹೆಬ್ಬೆರಳಿನಷ್ಟು ದಪ್ಪದ ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣವನ್ನು ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ನಂತರ ಬೆರೆಸಿ. ಮೈಲುತುತ್ತ ವಿಷ, ಮಕ್ಕಳಿಗೂ ದನಕರುಗಳಿಗೂ ಸಿಗದಂತೆ ಇಡಿ.

ಓದುಗರು ಕೇಳಿದ ಗಿಡ

ಮೂರು ವರ್ಷದ ಆ ಗಿಡದಲ್ಲಿ ಮೊದಲು ಗಂಟು ಹುಡುಕಿ. ಟೊಂಗೆ ಅದರ ಕೆಳಗಿದ್ದು, ಮೇಲಿನ ಆಪೂಸ್ ಇನ್ನೂ ಹಸಿರಾಗಿದ್ದರೆ ಗಿಡ ಉಳಿಯುತ್ತದೆ: ಕೆಳಗಿನದನ್ನು ಕತ್ತರಿಸಿ, ಪೇಸ್ಟ್ ಹಚ್ಚಿ, ಮತ್ತೆ ಚಿಗುರದಂತೆ ನೋಡಿಕೊಳ್ಳಿ. ಆಪೂಸ್ ಆಗಲೇ ಒಣಗಿದ್ದರೆ ಜವಾರಿಯನ್ನು ಕಿತ್ತೊಗೆಯಬೇಡಿ. ಅದರ ಮೇಲೆ ಮತ್ತೆ ಕಸಿ ಮಾಡಿಸಬಹುದು. ಅನುಮಾನವಿದ್ದರೆ ಹುಕ್ಕೇರಿಯ ತೋಟಗಾರಿಕೆ ಇಲಾಖೆಯಲ್ಲಿ ಅಥವಾ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ವಿಚಾರಿಸಿ. ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551.

ನಮ್ಮ ತೀರ್ಮಾನ: ಎಳೆಯ ಮಾವಿನ ಗಿಡಕ್ಕೆ ಕತ್ತರಿ ಹಾಕಿದರೆ ಕಾಯಿ ಬಿಡುವುದಿಲ್ಲ ಎಂಬುದು ಸುಳ್ಳು. ಆ ಸಂದೇಶ ಬಂದ ಗುಂಪಿಗೇ ಇದನ್ನೂ ಕಳಿಸಿ. ಅಲ್ಲಿ ಯಾರದೋ ಹಿತ್ತಲಲ್ಲಿ ಜವಾರಿ ಟೊಂಗೆ ಈಗಲೇ ಎದ್ದಿರಬಹುದು.