ತಂತಿ ಬಾರದ ದ್ವೀಪ: ಬಿಸಿಲು, ಗಾಳಿ ಮತ್ತು ಹಂಚಿಕೆಯ ಚರಿತ್ರೆ

ಸಾಹಿತ್ಯ ಓದೋರಿಗೆ ಕರೆಂಟಿನ ಚರಿತ್ರೆ ಯಾಕೆ ಅಂತ ನೀವು ಕೇಳಬಹುದು. ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಯೇ ಇದಕ್ಕೆ ಕಾರಣ. ಅಲ್ಲಿನ ದ್ವೀಪ ಸಮುದ್ರದ ನಡುವೆ ಇಲ್ಲ. ಅಣೆಕಟ್ಟಿನ ನೀರು ಏರುತ್ತಾ ಬಂದು ಜನ ಬದುಕಿದ್ದ ಗುಡ್ಡವೇ ದ್ವೀಪವಾಗುತ್ತದೆ. ಅಂದರೆ ಅದು ವಿದ್ಯುತ್ತು ಹುಟ್ಟಿಸಿದ ದ್ವೀಪ. ಅಂಥ ಊರಿಗೆ ಬೆಳಕು ಎಲ್ಲಿಂದ ಬರಬೇಕು ಅನ್ನೋದು ಈ ಪ್ರಬಂಧದ ಪ್ರಶ್ನೆ.

ಮೊದಲು ನಮ್ಮ ಹತ್ತಿರದ ಉದಾಹರಣೆ ನೋಡೋಣ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ನಕ್ಷೆಯಲ್ಲಿ ಶಿವನಸಮುದ್ರಕ್ಕೂ ಗಣಿಗೂ ಒಂದು ನೇರ ಗೆರೆ ಎಳೆದು ನೋಡಿ, ಅದು ನಮ್ಮ ಹೊಸೂರಿನ ಪಕ್ಕದಲ್ಲೇ ಹಾದುಹೋಗುತ್ತೆ. ಆದರೆ ಆ ತಂತಿ ಎಳೆದದ್ದು ಚಿನ್ನಕ್ಕಾಗಿ, ನಡುವಿನ ಹಳ್ಳಿಗಳಿಗಾಗಿ ಅಲ್ಲ.

ಶರಾವತಿಯಲ್ಲಿ ಇದೇ ಕಥೆ ಇನ್ನೂ ಕಠೋರವಾಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಸಾಗರ ತಾಲ್ಲೂಕಿನ ತುಮರಿ ಭಾಗದ ಜನ ಹಿನ್ನೀರಿನ ಆಚೆ ಉಳಿದು, ಪೇಟೆಗೆ ಬರಬೇಕಾದರೆ ಲಾಂಚಿಗೆ ಕಾಯುವಂತಾಯಿತು. ಅಲ್ಲಿಗೆ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈನಲ್ಲಿ! ನಾಡಿಗೆ ಬೆಳಕು ಕೊಡಲು ನೆಲ ಬಿಟ್ಟವರ ಎಷ್ಟೋ ಹಳ್ಳಿಗಳು ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವು.

ದೂರದ ತಂತಿಯನ್ನು ಕಾಯುವ ಬದಲು ಊರಲ್ಲೇ ಕರೆಂಟು ಹುಟ್ಟಿಸಬಹುದಲ್ಲ? ಬರೀ ಸೋಲಾರ್ ಹಾಕಿದರೆ ರಾತ್ರಿ ಇಲ್ಲ, ಮಳೆಗಾಲದ ಮೋಡದಲ್ಲಿ ಅರೆಬರೆ. ಬರೀ ಗಾಳಿಯನ್ನು ನಂಬಿದರೂ ಕಷ್ಟ: ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರ ಶಕ್ತಿ ಎಂಟನೇ ಒಂದು ಪಾಲಿಗೆ ಕುಸಿಯುತ್ತೆ. ಕರ್ನಾಟಕದಲ್ಲಿ ಗಾಳಿ ಜೋರಾಗಿರೋದು ಮುಂಗಾರಿನ ತಿಂಗಳುಗಳಲ್ಲಿ, ಅಂದರೆ ಬಿಸಿಲು ಸೋಲುವ ಹೊತ್ತಿನಲ್ಲಿ. ಬೇಸಿಗೆಯಲ್ಲಿ ಬಿಸಿಲು ಕೈಹಿಡಿಯುತ್ತೆ. ಹಾಗಾಗಿ ಎರಡನ್ನೂ ಜೋಡಿಸಿದರೆ ಬೇಕಾಗುವ ಬ್ಯಾಟರಿ ಚಿಕ್ಕದಾಗುತ್ತೆ. ಆದರೆ ಆಯಾ ಗುಡ್ಡದ ಗಾಳಿಯನ್ನು ವರ್ಷವಿಡೀ ಅಳೆಯದೆ ಕಂಬ ನೆಡುವಂತಿಲ್ಲ.

ಇಂಥ ಜೋಡಣೆ ನಡೆದು ತೋರಿಸಿದ್ದು ಸ್ಕಾಟ್ಲೆಂಡಿನ ‘ಎಗ್’ ಎಂಬ ಪುಟ್ಟ ದ್ವೀಪ. ಅಲ್ಲಿನ ಸಮುದಾಯ 1997ರಲ್ಲಿ ದ್ವೀಪವನ್ನು ತಾನೇ ಕೊಂಡುಕೊಂಡಿತು. 2008ರಲ್ಲಿ ತೊರೆಯ ನೀರು, ಗಾಳಿ, ಬಿಸಿಲು ಮೂರನ್ನೂ ಸೇರಿಸಿ ಸ್ವಂತ ವಿದ್ಯುತ್ ಜಾಲ ಶುರುವಾಯಿತು. ಅದಕ್ಕೆ ಮುಂಚೆ ಹೆಚ್ಚಿನ ಮನೆಗಳಿಗೆ ಡೀಸೆಲ್ ಜನರೇಟರೇ ಗತಿಯಾಗಿತ್ತು. ಡೀಸೆಲ್ ಈಗಲೂ ಇದೆ, ಆದರೆ ಆಪತ್ಕಾಲಕ್ಕೆ ಮಾತ್ರ. ನನಗೆ ಯಂತ್ರಗಳಿಗಿಂತ ಮುಖ್ಯವಾಗಿ ಕಂಡದ್ದು ಅಲ್ಲಿನ ಕಟ್ಟಳೆ. ಯಾವ ಮನೆಯೂ ಒಂದೇ ಸಲಕ್ಕೆ 5 ಕಿಲೋವ್ಯಾಟ್ ಮೀರಿ ಎಳೆಯುವಂತಿಲ್ಲ. ಮೀರಿದರೆ ಆ ಮನೆಯ ಕರೆಂಟು ಕಟ್. ಉಸ್ತುವಾರಿ, ರಿಪೇರಿ ಎಲ್ಲವೂ ಊರವರದೇ.

ಕೆರೆ ನೀರಿನ ಸರದಿ ನೋಡಿಕೊಳ್ಳಲು ನೀರುಗಂಟಿಯನ್ನು ಇಟ್ಟಿದ್ದ ನಮ್ಮ ಹಳ್ಳಿಗಳಿಗೆ ಇದು ಹೊಸ ವಿಚಾರವೇನಲ್ಲ. ಇದ್ದಷ್ಟನ್ನು ಅಳೆದು ಹಂಚಿಕೊಳ್ಳೋದು ನಮ್ಮ ಹಿರಿಯರಿಗೆ ಗೊತ್ತಿತ್ತು. ಶಿವನಸಮುದ್ರ ಮತ್ತು ಶರಾವತಿಯ ವಿದ್ಯುತ್ತು ಹುಟ್ಟಿದ ಜಾಗ ಒಂದು, ಬೆಳಗಿದ ಜಾಗ ಇನ್ನೊಂದು. ಗಾಳಿ-ಬಿಸಿಲಿನ ಜೋಡಿ ಆ ಎರಡನ್ನೂ ಒಂದೇ ಊರಿಗೆ ತರಬಲ್ಲದು.

ಒಂದು ಎಚ್ಚರಿಕೆ ಮಾತ್ರ ಬೇಕು. ‘ನಿಮಗೆ ಸೋಲಾರ್ ಇದೆಯಲ್ಲ’ ಅಂತ ಹೇಳಿ ಹಿನ್ನೀರಿನವರಿಗೆ ಸರ್ಕಾರದ ತಂತಿಯನ್ನು ನಿರಾಕರಿಸುವ ನೆಪ ಇದಾಗಬಾರದು. ಎರಡು ಬಲ್ಬಿನ ಬೆಳಕು ಮುಳುಗಡೆಗೆ ಪರಿಹಾರ ಆಗೋದಿಲ್ಲ. ಒಡೆತನ ಯಾರದು, ಕೆಟ್ಟಾಗ ರಿಪೇರಿ ಮಾಡೋರು ಯಾರು, ಅಳತೆ ನಿರ್ಧರಿಸೋರು ಯಾರು ಎಂಬ ಮೂರು ಪ್ರಶ್ನೆಗೆ ಊರೇ ಉತ್ತರ ಹೇಳುವಂತಾದರೆ ಮಾತ್ರ ಆ ಕರೆಂಟು ದ್ವೀಪದವರದು.