‘ಆಕ್ಟ್ರೋಯ್’ ಶಬ್ದದ ಲ್ಯಾಟಿನ್ ಮೂಲ

1602ರ ಮಾರ್ಚ್ 20ರಂದು ಸ್ಟೇಟ್ಸ್ ಜನರಲ್ ಮಹಾಸಭೆಯು ಡಚ್ ಈಸ್ಟ್ ಇಂಡಿಯಾ ಕಂಪನಿಗೆ ದಯಪಾಲಿಸಿದ ಅಧಿಕಾರಪತ್ರಕ್ಕೆ ಡಚ್ ಭಾಷೆಯಲ್ಲಿ ‘ಆಕ್ಟ್ರೋಯ್’ ಎಂದು ಹೆಸರು. ಇದನ್ನು ‘ಸನದು’ ಎಂದು ಅನುವಾದಿಸುವುದುಂಟು. ಅನುವಾದವೇನೋ ಸಲ್ಲುತ್ತದೆ, ಆದರೆ ಶಬ್ದದ ಮೂಲವನ್ನು ಅರಿಯದೆ ಕಂಪನಿಯ ಅಧಿಕಾರದ ಸ್ವರೂಪವನ್ನು ನಿರ್ಣಯಿಸಲಾಗದೆಂದು ನಮ್ಮ ಅಭಿಪ್ರಾಯ.

ಡಚ್ಚರು ಈ ಮಾತನ್ನು ಲ್ಯಾಟಿನ್ನಿನಿಂದ ನೇರವಾಗಿ ಪಡೆಯಲಿಲ್ಲ. ‘ಅನುಗ್ರಹಿಸು’ ಎಂಬರ್ಥದ ಹಳೆಯ ಫ್ರೆಂಚ್ ಕ್ರಿಯಾಪದದಿಂದ ಅದು ಬಂದಿತು. ಫ್ರೆಂಚರ ನಾಲಗೆಯಲ್ಲಿ ಲೋಪವಾಗಿದ್ದ ಕಕಾರವನ್ನು ಲ್ಯಾಟಿನ್ ಬಲ್ಲ ಪಂಡಿತರು ಮರಳಿ ಸೇರಿಸಿದರು. ಆ ಕ್ರಿಯಾಪದದ ಹಿಂದಿರುವುದು ಲ್ಯಾಟಿನ್ನಿನ ‘ಔಕ್ಟೊರ್’. ಅದಕ್ಕೂ ಮೂಲ ‘ವೃದ್ಧಿಪಡಿಸು’ ಎಂಬರ್ಥದ ‘ಔಗೆರೆ’ ಧಾತು. ಸಂಸ್ಕೃತದ ‘ಓಜಸ್’ ಇದರ ಜ್ಞಾತಿಶಬ್ದವೆಂಬುದು ನಮ್ಮ ಓದುಗರಿಗೆ ಸ್ವಾರಸ್ಯವೆನಿಸೀತು.

ರೋಮನ್ ನ್ಯಾಯದಲ್ಲಿ ಮಾರಾಟದ ವಸ್ತುವಿನ ಹಕ್ಕಿಗೆ ಹೊಣೆಯಾಗಿ ನಿಲ್ಲುವ ಮಾರಾಟಗಾರನು ‘ಔಕ್ಟೊರ್’. ಅಪ್ರಾಪ್ತವಯಸ್ಕನ ವ್ಯವಹಾರಕ್ಕೆ ಪೋಷಕನು ಕೊಡುವ ಸಮ್ಮತಿಯು ‘ಔಕ್ಟೊರಿಟಾಸ್’. ಎರಡರಲ್ಲಿಯೂ ಒಬ್ಬನ ಕಾರ್ಯವು ತಾನಾಗಿಯೇ ಪೂರ್ಣವಲ್ಲ. ಬೆನ್ನ ಹಿಂದೆ ನಿಂತ ಮತ್ತೊಬ್ಬನಿಂದ ಅದಕ್ಕೆ ಬಲ ತುಂಬುತ್ತದೆ. ಧಾತ್ವರ್ಥವು ಇಲ್ಲಿ ಸಾರ್ಥಕವಾಗಿದೆ.

ನೆದರ್ಲೆಂಡ್ಸಿನಲ್ಲಿ ಮೊದಲು ಹೀಗೆ ಬಲ ತುಂಬುತ್ತಿದ್ದವನು ಅರಸನು. 1581ರಲ್ಲಿ ಡಚ್ಚರು ಎರಡನೆಯ ಫಿಲಿಪನ ಪ್ರಭುತ್ವವನ್ನು ತ್ಯಜಿಸಿದರು. ಅರಸನು ಹೋದನು, ಶಬ್ದವು ಉಳಿಯಿತು. ಆತನ ಸ್ಥಾನದಲ್ಲಿ ಮಹಾಸಭೆಯು ನಿಂತಿತು. 1602ರ ಪತ್ರವು ಗುಡ್‌ಹೋಪ್ ಭೂಶಿರದ ಪೂರ್ವಕ್ಕೂ ಮೆಗೆಲ್ಲನ್ ಜಲಸಂಧಿಯ ಆಚೆಗೂ 21 ವರ್ಷಗಳ ಏಕಸ್ವಾಮ್ಯವನ್ನು ನೀಡಿತಲ್ಲದೆ, ಕೋಟೆ ಕಟ್ಟುವ, ಕೌಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟಿತು. ಆದರೆ ಕೌಲುಗಳು ಮಹಾಸಭೆಯ ಹೆಸರಿನಲ್ಲಿಯೇ ಆಗಬೇಕಿದ್ದವು. ಕಂಪನಿಯನ್ನು ಸ್ವತಂತ್ರ ಪ್ರಭುವೆಂದು ವರ್ಣಿಸುವವರು ಈ ಷರತ್ತನ್ನು ಮರೆಯುತ್ತಾರೆ. ದೂರದ ಬಟಾವಿಯಾದಲ್ಲಿ ಅದು ಪ್ರಭುವಿನಂತೆ ವರ್ತಿಸಿದ್ದು ನಿಜ. ಆದರೂ ಆ ಬಲವು ಎರವಲಿನದು, ಮತ್ತೆ ಮತ್ತೆ ನವೀಕರಣಗೊಳ್ಳುತ್ತ ಬಂದು 1799ರ ಕೊನೆಯಲ್ಲಿ ಮುಗಿದುಹೋಯಿತು.

ಹೊಸ ಕಲ್ಪನೆಗಳ ಕರ್ತೃಗಳಿಗೂ ಇದೇ ಪತ್ರವು ದೊರೆಯುತ್ತಿತ್ತು. 1608ರಲ್ಲಿ ಲಿಪ್ಪರ್‌ಹೇ ಎಂಬ ಕನ್ನಡಕದ ಕುಶಲಿಯು ದೂರದರ್ಶಕಕ್ಕಾಗಿ ಅರ್ಜಿ ಸಲ್ಲಿಸಿದಾಗ, ಆ ಉಪಕರಣವು ಇತರರಿಗೂ ತಿಳಿದಿದೆಯೆಂದು ಸಭೆಯು ನಿರಾಕರಿಸಿತು. 1869ರಲ್ಲಿ ಡಚ್ಚರು ಇಂತಹ ಹಕ್ಕುಗಳನ್ನೇ ರದ್ದುಪಡಿಸಿ, 1910ರ ಕಾಯಿದೆಯಿಂದ ಪುನಃ ಸ್ಥಾಪಿಸಿದರು. ಇಂದು ಡಚ್ಚಿನಲ್ಲಿ ‘ಆಕ್ಟ್ರೋಯ್’ ಎಂದರೆ ಪೇಟೆಂಟ್.

ಫ್ರಾನ್ಸಿನಲ್ಲಿ ಮಾತ್ರ, ಪಟ್ಟಣಗಳು ಅರಸನ ಅನುಗ್ರಹದಿಂದ ವಸೂಲು ಮಾಡುತ್ತಿದ್ದ ಸುಂಕಕ್ಕೇ ಆ ಹೆಸರು ಅಂಟಿಕೊಂಡಿತು. ಇಂಗ್ಲಿಷಿನ ಮೂಲಕ ನಮ್ಮ ಪುರಸಭೆಗಳ ನಾಕಾಕಟ್ಟೆಗಳಿಗೆ ಬಂದು, 1979ರಲ್ಲಿ ಕರ್ನಾಟಕದಲ್ಲಿ ರದ್ದಾದ ‘ಆಕ್ಟ್ರಾಯ್’ ಅದೇ.